ಸಾಧು ಅಂದುಕೊಂಡಿದ್ದ ಮೊಲ

ನಾನು ಮೊದಲ ಸಲ ತರಗತಿಗೆ ಒಂದು ಪ್ರಾಣಿಯನ್ನು ಕರೆಸಿದ್ದು ಮೂರನೇ ತರಗತಿಯ ಮಕ್ಕಳಿಗಾಗಿ. ಬೂದು ಬಣ್ಣದ ಒಂದು ಮೊಲ. ತರಗತಿಯಲ್ಲಿ 38 ಮಕ್ಕಳು. ಎಲ್ಲರನ್ನೂ ನೆಲದ ಮೇಲೆ ದುಂಡಗೆ ಕೂರಿಸಿ, ಮೊಲವನ್ನು ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ದಾಟಿಸುತ್ತಾ ಹೋದೆ. ಅದು ಒಂದಿಷ್ಟೂ ಕೊಸರಾಡಲಿಲ್ಲ. ಕಿವಿಗಳನ್ನು ಬೆನ್ನಿಗೆ ಒತ್ತಿಕೊಂಡು, ಕಣ್ಣು ಅಗಲಿಸಿಕೊಂಡು, ಮುದುಡಿ ಕೂತಿತ್ತು. "ನೋಡಿ ಮಕ್ಕಳೇ, ಎಷ್ಟು ಸಾಧು!" ಅಂದೆ. ಮಕ್ಕಳು ನಂಬಿದರು. ಟೀಚರ್ ಹೇಳಿದ ಮೇಲೆ ನಂಬದೆ ಇನ್ನೇನು ಮಾಡುತ್ತಾರೆ?

ಸಂಜೆ ಪರಿಚಯದ ಪಶುವೈದ್ಯೆಯೊಬ್ಬರಿಗೆ ಫೋಟೊಗಳನ್ನು ತೋರಿಸಿದೆ. ಅವರು ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಮೇಡಂ, ಇದು ಸಾಧುವಾಗಿ ಕೂತಿಲ್ಲ. ಹೆದರಿ ಮರಗಟ್ಟಿದೆ."

ಮೊಲ ಬೇಟೆಗೆ ಸಿಕ್ಕುವ ಪ್ರಾಣಿ. ಅದರ ಕಣ್ಣುಗಳು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದೇ ಇರುವುದು ಮೂಗಿನ ನೇರಕ್ಕಿರುವ ಒಂದಿಷ್ಟು ಜಾಗ. ನಾವು ಕೈ ಚಾಚುವುದು ಸರಿಯಾಗಿ ಅಲ್ಲಿಗೇ. ಕಾಲು ನೆಲ ಬಿಟ್ಟಿತು ಅಂದರೆ ಅದರ ಮಟ್ಟಿಗೆ ಯಾವುದೋ ಹಿಡಿದು ಎತ್ತಿಕೊಂಡು ಹೋಗುತ್ತಿದೆ ಎಂದೇ ಅರ್ಥ. ಓಡಲು ದಾರಿಯಿಲ್ಲದಾಗ ಅಲುಗಾಡದೆ ಇರುವುದೊಂದೇ ಅದಕ್ಕೆ ಉಳಿದ ದಾರಿ. ಅಂಥ ಹೊತ್ತಿನಲ್ಲಿ ನಾನು ಅದನ್ನು 38 ಸಲ ಎತ್ತಿ ಇಳಿಸಿದ್ದೆ, ಮೇಲಿಂದ ಹೊಗಳಿದ್ದೆ. ಹೆದರಿಕೆಯನ್ನು ಒಪ್ಪಿಗೆ ಅಂತ ಓದುವುದನ್ನು ಒಂದು ಇಡೀ ತರಗತಿಗೆ ಕಲಿಸಿಕೊಟ್ಟಿದ್ದೆ.

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಮೊಲದ ಯೋಚನೆ ಅರ್ಧ, ಮಕ್ಕಳ ಯೋಚನೆ ಅರ್ಧ. ಸುಮ್ಮನಿರುವ ಮಗುವನ್ನೂ ನಾವು "ಒಳ್ಳೇ ಮಗು, ತಂಟೆಯಿಲ್ಲ" ಅನ್ನುತ್ತೇವಲ್ಲ.

ಶಾಲೆಗೆ ಪ್ರಾಣಿಗಳು ಬರಬೇಕು ಎಂದು ನಾನು ಇವತ್ತಿಗೂ ಗಟ್ಟಿಯಾಗಿ ಹೇಳುತ್ತೇನೆ. ಆದರೆ ಯಾಕೆ ಬರಬೇಕು ಅನ್ನುವುದರ ಬಗ್ಗೆ ನನ್ನ ಅಭಿಪ್ರಾಯ ಆ ದಿನದಿಂದ ಬದಲಾಯಿತು. ಮಕ್ಕಳಿಗೆ ಖುಷಿಯಾಗುತ್ತದೆ, ಮನಸ್ಸು ಹಗುರಾಗುತ್ತದೆ, ಇದೆಲ್ಲ ನಿಜ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಬಾಯಿಬಿಟ್ಟು "ಬೇಡ" ಎನ್ನಲಾರದ ಜೀವವೊಂದರ "ಬೇಡ"ವನ್ನು ಗುರುತಿಸುವುದು, ಗುರುತಿಸಿ ಕೈ ಹಿಂದಕ್ಕೆ ತೆಗೆದುಕೊಳ್ಳುವುದು. ಇದನ್ನು ಕಲಿಸುವುದಕ್ಕೆ ನನ್ನ ಹತ್ತಿರ ಬೇರೆ ಯಾವ ಪಾಠವೂ ಇರಲಿಲ್ಲ.

ಮುಂದಿನ ಸಲ ಬಂದದ್ದು ನಾಯಿ. ಶಾಲೆ, ಆಸ್ಪತ್ರೆಗಳಿಗೆ ಹೋಗಿಬರಲೆಂದೇ ತರಬೇತಾದ, ಒಂಬತ್ತು ವರ್ಷ ದಾಟಿದ ಕಂದು ನಾಯಿ. ಮೂತಿಯೆಲ್ಲ ನರೆತಿದ್ದರಿಂದ ಮಕ್ಕಳು ಮೊದಲ ದಿನವೇ ಅದಕ್ಕೆ ಅಜ್ಜ ಅಂತ ಹೆಸರಿಟ್ಟರು. ಕರೆತಂದವರು ಒಂದು ಚಾಪೆ ಹಾಸಿ ಹೇಳಿದರು: "ಇದು ಅವನ ಜಾಗ. ಅವನು ಚಾಪೆಯಿಂದ ಆಚೆ ಬಂದರೆ ನಿಮ್ಮ ಹತ್ತಿರ ಬಂದ ಅಂತ. ಚಾಪೆಗೆ ವಾಪಸ್ ಹೋದರೆ ಯಾರೂ ಹಿಂದೆ ಹೋಗುವ ಹಾಗಿಲ್ಲ." ಜೊತೆಗೆ ಇನ್ನೊಂದು ಕಟ್ಟಳೆ: ಮೂರು ಎಣಿಸುವಷ್ಟು ಹೊತ್ತು ಸವರಿ, ಕೈ ತೆಗೆಯಿರಿ, ನೋಡಿ. ಇನ್ನೂ ಬೇಕಾದರೆ ಅವನೇ ಒತ್ತಿಕೊಂಡು ಬರುತ್ತಾನೆ.

ನಲವತ್ತು ನಿಮಿಷ ನನ್ನ ಗಂಟಲಿಗೆ ಕೆಲಸವೇ ಇರಲಿಲ್ಲ. ನಾನು ಎಷ್ಟು ಕೂಗಿದರೂ ಇಳಿಯದ ಗದ್ದಲ, "ಅವನ ಕಿವಿಗೆ ನೋವಾಗುತ್ತದೆ" ಎಂಬ ಒಂದು ಮಾತಿಗೆ ಇಳಿದಿತ್ತು. ನನಗೆ ಹೆದರಿ ಸುಮ್ಮನಾಗುವುದು ಬೇರೆ, ಇನ್ನೊಬ್ಬರಿಗಾಗಿ ಸುಮ್ಮನಾಗುವುದು ಬೇರೆ. ಎರಡರ ಮೌನವೂ ಬೇರೆಬೇರೆಯಾಗಿ ಕೇಳಿಸುತ್ತದೆ, ಇದು ಅಧ್ಯಾಪಕರಿಗೆಲ್ಲ ಗೊತ್ತು.

ತರಗತಿಯಲ್ಲಿ ಒಬ್ಬಳು ಹುಡುಗಿಗೆ ನಾಯಿ ಕಂಡರೆ ಜೀವ ಹೋಗುವಷ್ಟು ಭಯ. ಐದು ವರ್ಷದವಳಿದ್ದಾಗ ಒಂದು ನಾಯಿ ಬೆನ್ನಟ್ಟಿತ್ತಂತೆ. ಅವಳ ತಾಯಿಯ ಜೊತೆ ಮೊದಲೇ ಮಾತಾಡಿದ್ದೆ. ಅವಳು ಬೇಕಾದರೆ ಪಕ್ಕದ ಕೋಣೆಯಲ್ಲಿ ಚಿತ್ರ ಬರೆಯಬಹುದು ಎಂದಾಗಿತ್ತು. ಆದರೆ ಅವಳು ಬಾಗಿಲ ಬಳಿ, ಚಪ್ಪಲಿ ಹಾಕಿಕೊಂಡೇ, ಓಡಲು ಸಿದ್ಧವಾಗಿ ಕೂತಳು. ನಾನು ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. "ಭಯ ಬಿಡಿಸುತ್ತೇನೆ" ಎಂದು ಮಗುವಿನ ಕೈ ಹಿಡಿದು ನಾಯಿಯ ಬೆನ್ನ ಮೇಲೆ ಇಡಿಸುವ ದೊಡ್ಡವರನ್ನು ನಾನು ಬಹಳ ಕಂಡಿದ್ದೇನೆ. ಅದು ನನ್ನ ಮೊಲಕ್ಕೆ ನಾನು ಮಾಡಿದ್ದೇ ತಾನೆ?

ಅಜ್ಜನ ಎರಡನೇ ಭೇಟಿಯಲ್ಲೂ ಅವಳು ಬಾಗಿಲ ಬಳಿಯೇ ಇದ್ದಳು. ಚಪ್ಪಲಿ ಮಾತ್ರ ಹೊರಗಿತ್ತು. ಸುಮಾರು ಹದಿನೈದು ನಿಮಿಷ ಕಳೆದಿರಬೇಕು, ನಾಲ್ಕೈದು ಮಕ್ಕಳು ಸುತ್ತ ಕೂತು ಸವರುತ್ತಿದ್ದರು. ಅಲ್ಲಿಂದಲೇ ಅವಳ ದನಿ ಬಂತು: "ಟೀಚರ್, ಅವನಿಗೆ ಸಾಕಾಗಿದೆ."

"ಹೇಗೆ ಗೊತ್ತಾಯ್ತು?"

"ಎರಡು ಸಲ ಆಕಳಿಸಿದ. ನಿದ್ದೆ ಬಂದ ಆಕಳಿಕೆ ಅಲ್ಲ. ಆಮೇಲೆ ಏನೂ ತಿನ್ನದೇ ತುಟಿ ನೆಕ್ಕಿಕೊಂಡ. ಮುಖ ಆ ಕಡೆ ತಿರುಗಿಸಿದ್ದಾನೆ ನೋಡಿ."

ಕರೆತಂದವರು ಆಗಲೇ ಎದ್ದು ನಿಂತಿದ್ದರು. ಅವಳು ಹೇಳಿದ ಮೂರೂ, ನಾಯಿಗೆ ಕಿರಿಕಿರಿಯಾಗುತ್ತಿದೆ ಎಂಬುದಕ್ಕೆ ತಿಳಿದವರು ಹೇಳುವ ಮೊದಲ ಗುರುತುಗಳು. ಗುರ್ ಎನ್ನುವುದು, ಹಲ್ಲು ತೋರಿಸುವುದು ಎಲ್ಲ ಆಮೇಲಿನದು. ಆ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಭಯಪಟ್ಟವರು ನೋಡುವಷ್ಟು ಸೂಕ್ಷ್ಮವಾಗಿ ಪ್ರೀತಿಸುವವರೂ ನೋಡುವುದಿಲ್ಲವೇನೋ. ಅವಳು ಎರಡು ದಿನವೂ ನಾಯಿಯ ಮೈಯನ್ನು ಒಂದು ಪುಸ್ತಕದಂತೆ ಓದಿದ್ದಳು. ಅಂದಿನಿಂದ ಅವಳಿಗೆ ಒಂದು ಕೆಲಸ ಕೊಟ್ಟೆವು: ಅಜ್ಜನಿಗೆ ಸಾಕಾದಾಗ ಹೇಳುವವಳು ಅವಳೇ. ತರಗತಿಯಲ್ಲಿ ಎಲ್ಲರಿಗಿಂತ ದೂರ ಕೂರುತ್ತಿದ್ದವಳ ಮಾತಿಗೆ ಎಲ್ಲರೂ ಕಾಯತೊಡಗಿದರು. ಅವಳು ನಾಯಿಯನ್ನು ಮುಟ್ಟಿದ್ದು ಐದನೇ ಭೇಟಿಯಲ್ಲಿ, ಒಂದು ಬೆರಳಿನಿಂದ, ಬಾಲದ ಹತ್ತಿರ. ನಾನು ನೋಡದ ಹಾಗೆ ಇದ್ದೆ.

ಇದು ಆ ತರಗತಿಯ ಹೊರಗೂ ಉಪಯೋಗಕ್ಕೆ ಬರುವ ವಿದ್ಯೆ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕೆರ್ಸ್ಟಿನ್ ಮೈಂಟ್ಸ್ ಮತ್ತು ಅವರ ಸಂಗಡಿಗರು ಪುಟ್ಟ ಮಕ್ಕಳಿಗೆ ನಾಯಿಗಳ ಮುಖ ತೋರಿಸಿ ಕೇಳಿದಾಗ, ಹಲ್ಲು ಕಿರಿದು ಎಚ್ಚರಿಸುತ್ತಿರುವ ನಾಯಿಯನ್ನು "ನಗುತ್ತಿದೆ" ಎಂದ ಮಕ್ಕಳು ಬಹಳ. ಹೇಳಿಕೊಟ್ಟ ಮೇಲೆ ಮಕ್ಕಳು ಚೆನ್ನಾಗಿಯೇ ಗುರುತಿಸಿದರು ಅನ್ನುವುದು ಸಮಾಧಾನದ ಸಂಗತಿ. ಮಕ್ಕಳನ್ನು ಕಚ್ಚುವ ನಾಯಿಗಳಲ್ಲಿ ಬಹಳಷ್ಟು ಅಪರಿಚಿತ ನಾಯಿಗಳಲ್ಲ, ಮನೆಯವೇ ಅಥವಾ ಪರಿಚಯದವರವು. ನಾಯಿ ಹತ್ತು ಸಲ ಮುಖ ತಿರುಗಿಸಿರುತ್ತದೆ, ನೋಡಿದವರು ಯಾರೂ ಇರುವುದಿಲ್ಲ.

ಓದಿನ ವಿಷಯಕ್ಕೆ ಬರುತ್ತೇನೆ. ಆ ತರಗತಿಯಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದುವ ಹುಡುಗನೊಬ್ಬ ಇದ್ದ. ಅವನ ತೊಂದರೆ ಅಕ್ಷರಗಳಲ್ಲಿ ಎಷ್ಟಿತ್ತೋ ನನ್ನ ಮುಖದಲ್ಲೂ ಅಷ್ಟೇ ಇತ್ತು ಎಂದು ನನಗೆ ಅರಿವಾದದ್ದು ತಡವಾಗಿ. ಒಂದು ಪದ ಓದುವುದು, ತಲೆಯೆತ್ತಿ ನನ್ನನ್ನು ನೋಡುವುದು. ಇನ್ನೊಂದು ಪದ, ಇನ್ನೊಮ್ಮೆ ನೋಡುವುದು. ನಾನು ನಗುತ್ತಲೇ ಇದ್ದೆ, ಆದರೂ ನನ್ನ ಹುಬ್ಬಿನಲ್ಲಿ ಅವನಿಗೆ ಬೇಕಾದ್ದು, ಬೇಡವಾದ್ದು ಎಲ್ಲ ಕಾಣುತ್ತಿತ್ತು. ಹಾಗೆ ನೋಡುತ್ತಾ ವಾಕ್ಯದ ಅರ್ಧಕ್ಕೆ ಬರುವಷ್ಟರಲ್ಲಿ ಅದರ ಮೊದಲರ್ಧ ಮರೆತಿರುತ್ತಿತ್ತು.

ಅವನನ್ನು ಅಜ್ಜನ ಚಾಪೆಯ ಪಕ್ಕದಲ್ಲಿ ಪುಸ್ತಕ ಕೊಟ್ಟು ಕೂರಿಸಿದೆವು. ಅಲ್ಲಿ ತಲೆಯೆತ್ತಿ ನೋಡಿದರೆ ಸಿಗುವುದು ಅರೆಮುಚ್ಚಿದ ಎರಡು ಕಣ್ಣು. ಸರಿ ಅನ್ನುವುದಿಲ್ಲ, ತಪ್ಪು ಅನ್ನುವುದಿಲ್ಲ. ನಾಲ್ಕನೇ ಪುಟದ ಹೊತ್ತಿಗೆ ಅವನು ತಲೆಯೆತ್ತುವುದನ್ನೇ ಬಿಟ್ಟ. ಒಂದು ಕಡೆ ಎಡವಿ, ನಿಂತು, ಆ ಸಾಲನ್ನು ಮೊದಲಿನಿಂದ ತಾನೇ ಓದಿದ. ಆಮೇಲೆ ಯಾಕಪ್ಪಾ ಅಂತ ಕೇಳಿದರೆ, "ಅಜ್ಜನಿಗೆ ಮೊದಲ ಸಲ ಸರಿಯಾಗಿ ಕೇಳಿಸಲಿಲ್ಲ ಟೀಚರ್" ಅಂದ. ವರ್ಷದ ಕೊನೆಗೆ ಅವನು ತರಗತಿಯ ಜಾಣ ಓದುಗನಾಗಲಿಲ್ಲ. ನಿಧಾನವಾಗಿಯೇ ಓದುತ್ತಿದ್ದ. ನನ್ನ ಮುಖ ನೋಡದೆ ಒಂದು ಪುಟ ಮುಗಿಸುತ್ತಿದ್ದ. ನನಗೆ ಅಷ್ಟು ಸಾಕಿತ್ತು, ಅವನಿಗೆ ಅದಕ್ಕಿಂತ ಹೆಚ್ಚಾಗಿತ್ತು.

ಮಕ್ಕಳು ನಾಯಿಗೆ ಓದಿ ಹೇಳುವ ಈ ಪದ್ಧತಿ ವ್ಯವಸ್ಥಿತವಾಗಿ ಶುರುವಾದದ್ದು ಅಮೆರಿಕದ ಯೂಟಾ ರಾಜ್ಯದಲ್ಲಿ, 1999ರಲ್ಲಿ. ಅದರ ಬೇರು ಇನ್ನೂ ಹಿಂದೆ ಹೋಗುತ್ತದೆ. ಬೋರಿಸ್ ಲೆವಿನ್ಸನ್ ಎಂಬ ಮಕ್ಕಳ ಮನೋವಿಜ್ಞಾನಿಯ ಬಳಿಗೆ ಯಾರೊಡನೆಯೂ ಬೆರೆಯದ ಹುಡುಗನೊಬ್ಬನನ್ನು ಒಮ್ಮೆ ಹೇಳಿದ ಹೊತ್ತಿಗಿಂತ ಮೊದಲೇ ಕರೆತಂದರಂತೆ. ಕೋಣೆಯಲ್ಲಿ ಅವರ ನಾಯಿ ಜಿಂಗಲ್ಸ್ ಇತ್ತು. ನಾಯಿ ಓಡಿ ಬಂದು ಹುಡುಗನನ್ನು ನೆಕ್ಕಿತು, ಹುಡುಗ ಅದನ್ನು ತಬ್ಬಿಕೊಂಡ. ಮುಂದೆ ಕೆಲವು ಭೇಟಿಗಳಲ್ಲಿ ಅವನು ನಾಯಿಯ ಜೊತೆ ಆಡುತ್ತಾ ಆಡುತ್ತಾ ಲೆವಿನ್ಸನ್‌ಗೂ ಹತ್ತಿರವಾದ. ಇದನ್ನೆಲ್ಲ ಅವರು 1962ರಲ್ಲಿ ಬರೆದು ಪ್ರಕಟಿಸಿದಾಗ ನಾಯಿಯನ್ನು ಸಹ-ಚಿಕಿತ್ಸಕ ಎಂದೇ ಕರೆದರು. 1983ರಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ಗಟ್ಟಿಯಾಗಿ ಓದುವ ಮಕ್ಕಳ ರಕ್ತದೊತ್ತಡ ಅಳೆದರು. ಗಟ್ಟಿಯಾಗಿ ಓದುವಾಗ ಒತ್ತಡ ಏರುವುದು ಸಹಜ. ಕೋಣೆಯಲ್ಲಿ ನಾಯಿಯೊಂದು ಇದ್ದಾಗ ಅದು ಕಡಿಮೆಯಿತ್ತು. ನಾಯಿ ಏನೂ ಮಾಡಬೇಕಾಗಿರಲಿಲ್ಲ, ಅಲ್ಲಿ ಇದ್ದರೆ ಸಾಕಿತ್ತು.

ಆಟಿಸಂ, ಅಂದರೆ ಬೇರೆಯವರೊಡನೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಸ್ಥಿತಿ, ಇರುವ ಮಕ್ಕಳ ಬಗ್ಗೆ ಆಸ್ಟ್ರೇಲಿಯಾದ ಪ್ರಾಥಮಿಕ ಶಾಲೆಗಳಲ್ಲಿ ನಡೆದ ಕೆಲಸ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಮಾರ್ಗರೀಟ್ ಓಹೇರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ್ದು. ಆಟಿಸಂ ಇರುವ ಒಬ್ಬ ಮಗು, ಅದೇ ತರಗತಿಯ ಇನ್ನಿಬ್ಬರು, ಹೀಗೆ ಮೂವರನ್ನು ಒಮ್ಮೆ ಆಟಿಕೆಗಳ ಜೊತೆ, ಒಮ್ಮೆ ಎರಡು ಗಿನಿಯಿಲಿಗಳ ಜೊತೆ ಕೂರಿಸಿದರು. ಗಿನಿಯಿಲಿಗಳಿದ್ದಾಗ ಆ ಮಗು ಹೆಚ್ಚು ಮಾತಾಡಿತು, ಹೆಚ್ಚು ನಕ್ಕಿತು, ಎದುರಿನವರ ಮುಖವನ್ನು ಹೆಚ್ಚು ನೋಡಿತು, ಅಳುವುದು ಕಡಿಮೆಯಾಯಿತು. ಮಗುವಿನ ಮಾತು, ನಗೆ ಬರೀ ಗಿನಿಯಿಲಿಗಲ್ಲ, ಪಕ್ಕದ ಮಕ್ಕಳಿಗೂ ಸಂದಿತ್ತು ಅನ್ನುವುದನ್ನು ನಾನು ಎರಡೆರಡು ಸಲ ಓದಿದೆ. ಇಬ್ಬರೂ ಒಂದೇ ಪುಟ್ಟ ಜೀವವನ್ನು ನೋಡುತ್ತಿರುವಾಗ ಮಾತಿಗೆ ವಿಷಯ ಹುಡುಕಬೇಕಿಲ್ಲ, ಕಣ್ಣಿಗೆ ಕಣ್ಣಿಟ್ಟು ಶುರುಮಾಡಬೇಕಿಲ್ಲ. "ಅಯ್ಯೋ, ನೋಡು, ಹುಲ್ಲು ತಿಂತಿದೆ" ಅಂದರೆ ಆಯಿತು.

ಇದು ಔಷಧಿಯಲ್ಲ, ಯಾವ ಕಾಯಿಲೆಯನ್ನೂ ಗುಣ ಮಾಡುವುದಿಲ್ಲ. ಹಾಗೆ ಹೇಳಿಕೊಂಡು ಬರುವವರಿಂದ ದೂರ ಇರುವುದು ಒಳ್ಳೆಯದು.

ಪಶುವೈದ್ಯೆಯೇ ಒಮ್ಮೆ ಸ್ಟೆತಸ್ಕೋಪ್ ಹಿಡಿದು ತರಗತಿಗೆ ಬಂದರು. ಮಕ್ಕಳು ಮೊದಲು ತಮ್ಮ ತಮ್ಮ ಎದೆಬಡಿತ ಎಣಿಸಿದರು: 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು. ಒಬ್ಬನಿಗೆ 88, ಇನ್ನೊಬ್ಬಳಿಗೆ 96. ಅಜ್ಜನದು 84 ಬಂತು. "ಅಜ್ಜನದೂ ನನ್ನದೂ ಹತ್ತಿರಹತ್ತಿರ!" ಎಂದು ಒಬ್ಬ ಕುಣಿದ. ಆಮೇಲೆ ವೈದ್ಯೆ ತಮ್ಮದೇ ಮೊಲವೊಂದನ್ನು, ತಮ್ಮ ಮಡಿಲಿನಿಂದ ಇಳಿಸದೆ, ಇಬ್ಬರಿಗೆ ಮಾತ್ರ ಕೇಳಿಸಿದರು. ಎಣಿಸಲು ಆಗಲಿಲ್ಲ. ನಿಮಿಷಕ್ಕೆ 180ಕ್ಕೂ ಮೇಲೆ ಬಡಿಯುವ ಹೃದಯವನ್ನು ಮೂರನೇ ತರಗತಿಯವರು ಎಣಿಸುವುದು ಹೇಗೆ? "ಮಳೆ ಬಿದ್ದ ಹಾಗೆ ಕೇಳಿಸ್ತದೆ" ಅಂದಳು ಒಬ್ಬಳು.

"ಅದಕ್ಕೆ ಹೆದರಿಕೆ ಆಗಿದೆಯಾ?"

"ಇಲ್ಲ, ಆರಾಮಾಗಿದ್ದಾಗಲೂ ಅದರದ್ದು ಹೀಗೇ."

ಸ್ವಲ್ಪ ಹೊತ್ತು ಬಿಟ್ಟು ಆ ಹುಡುಗಿ ಕೇಳಿದಳು: "ಹಾಗಾದರೆ ಹೆದರಿದಾಗ?"

ಆ ಮಕ್ಕಳಲ್ಲಿ ಹೆಚ್ಚಿನವರು ಬೂದು ಮೊಲವನ್ನು ಮಡಿಲಲ್ಲಿ ಇಟ್ಟುಕೊಂಡವರೇ. ನಾನು ಅಂದು ಅವರೆದುರು ನಿಂತು, ಆವತ್ತು ನಾನು ಹೇಳಿದ್ದು ತಪ್ಪು ಎಂದು ಹೇಳಿದೆ. ಆ ಮೊಲ ಸಾಧುವಾಗಿ ಕೂತಿರಲಿಲ್ಲ, ಅದಕ್ಕೆ ಬಹಳ ಹೆದರಿಕೆಯಾಗಿತ್ತು, ನನಗೆ ಗೊತ್ತಾಗಲಿಲ್ಲ ಎಂದೆ. ಅಧ್ಯಾಪಕಿಯಾಗಿ ಇಷ್ಟು ವರ್ಷಗಳಲ್ಲಿ ತರಗತಿ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ್ದು ನೆನಪಿಲ್ಲ.

ಆಮೆಯೂ ಒಮ್ಮೆ ಬಂದಿತ್ತು. ಒಬ್ಬ ಅದರ ಚಿಪ್ಪನ್ನು ಬಾಗಿಲು ತಟ್ಟಿದ ಹಾಗೆ ಬೆರಳಿನ ಗೆಣ್ಣಿನಿಂದ ತಟ್ಟಿದ. ಚಿಪ್ಪು ಆಮೆ ಹೊತ್ತುಕೊಂಡ ಪೆಟ್ಟಿಗೆಯಲ್ಲ, ಅದರ ಬೆನ್ನುಮೂಳೆ ಪಕ್ಕೆಲುಬುಗಳೇ ಬೆಳೆದು ಚಿಪ್ಪಾಗಿವೆ, ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ ಎಂದಾಗ ಅವನು ಕೈ ಹಿಂದೆ ತೆಗೆದ. ಆಮೇಲೆ ಮೆಲ್ಲಗೆ ತನ್ನದೇ ಬೆನ್ನಿಗೆ ಕೈ ಹಾಕಿ ಮೂಳೆ ತಡವಿಕೊಂಡ. ಅಂಗರಚನೆಯ ಪಾಠಕ್ಕೆ ನಾನು ಗೋಡೆಗೆ ತೂಗುಹಾಕುವ ಯಾವ ಚಾರ್ಟೂ ಆ ಕೈಯನ್ನು ಬೆನ್ನಿಗೆ ಒಯ್ಯಲಾರದು.

ಇದನ್ನು ತಮ್ಮ ಶಾಲೆಯಲ್ಲೂ ಮಾಡಬೇಕು ಅನ್ನುವವರು ನನ್ನನ್ನು ಮೊದಲು ಕೇಳುವುದು ಯಾವ ಪ್ರಾಣಿ ಚೆಂದ ಎಂದು. ಮೊದಲು ಕೇಳಬೇಕಾದ್ದು, ಅದಕ್ಕೆ ಬೇಡವಾದಾಗ ಹೋಗಲು ಜಾಗ ಎಲ್ಲಿದೆ ಎಂದು. ಚಾಪೆಯೋ, ಪೆಟ್ಟಿಗೆಯೋ, ತೆರೆದ ಗೂಡೋ, ಏನಾದರೂ ಇರಬೇಕು. ಕೋಣೆಯಲ್ಲಿ ಮಕ್ಕಳು ಕಡಿಮೆ ಇದ್ದಷ್ಟೂ ಒಳ್ಳೆಯದು. ನಾನೀಗ ಒಮ್ಮೆಗೆ ಹನ್ನೆರಡು ಮಕ್ಕಳಿಗಿಂತ ಹೆಚ್ಚು ಬಿಡುವುದಿಲ್ಲ. ಪ್ರಾಣಿಯ ಮನಸ್ಸು ತಿಳಿದವರು ಜೊತೆಗೇ ಇರಬೇಕು, ಅವರು ಸಾಕು ಎಂದರೆ ಮುಖ್ಯೋಪಾಧ್ಯಾಯರೇ ಬಂದರೂ ಸಾಕು. ರೇಬಿಸ್ ಲಸಿಕೆಯ ದಾಖಲೆ ನೋಡದೆ ಯಾವ ನಾಯಿ ಬೆಕ್ಕನ್ನೂ ಒಳಗೆ ಬಿಡಬಾರದು. ಅಲರ್ಜಿ, ಉಬ್ಬಸ ಇರುವ ಮಕ್ಕಳ ಮನೆಯವರ ಹತ್ತಿರ ಮೊದಲೇ ಮಾತಾಡಬೇಕು. ಆಮೆ, ಹಲ್ಲಿ, ಕೋಳಿಮರಿಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ರೋಗಾಣು ಇರುವ ಸಾಧ್ಯತೆ ಹೆಚ್ಚು, ಆದ್ದರಿಂದ ಐದು ವರ್ಷದ ಒಳಗಿನ ಮಕ್ಕಳು ಅವನ್ನು ನೋಡಬಹುದು, ಮುಟ್ಟಬಾರದು. ಮುಟ್ಟಿದ ದೊಡ್ಡ ಮಕ್ಕಳು ಸೋಪು ಹಾಕಿ 20 ಸೆಕೆಂಡು ಕೈ ತೊಳೆಯಬೇಕು, ತಿಂಡಿ ಡಬ್ಬಿ ಆ ಕೋಣೆಗೆ ಬರಲೇಬಾರದು.

ತರಗತಿಯಲ್ಲೇ ಪಂಜರ ಇಟ್ಟು ಪ್ರಾಣಿ ಸಾಕುವುದು ನನಗೆ ಒಪ್ಪಿಗೆಯಿಲ್ಲ. ರಜೆ ಬಂದರೆ ಅದರ ಗತಿಯೇನು, ರಾತ್ರಿ ಇಡೀ ಕಟ್ಟಡದಲ್ಲಿ ಅದೊಂದೇ. ಸಮಾರಂಭದ ದಿನ ಧ್ವನಿವರ್ಧಕದ ಪಕ್ಕದಲ್ಲಿ ಕುರಿಮರಿ ಕಟ್ಟಿ ಫೋಟೊ ಹೊಡೆಸುವುದನ್ನಂತೂ ದಯವಿಟ್ಟು ಪ್ರಾಣಿ ಭೇಟಿ ಅನ್ನಬೇಡಿ.

ಅಜ್ಜ ಈಗ ಬರುವುದಿಲ್ಲ. ಒಂದು ಬೆಳಿಗ್ಗೆ ಕಾರಿನ ಬಾಗಿಲು ತೆರೆದಾಗ ಎಂದಿನಂತೆ ಹತ್ತದೆ ಅಲ್ಲೇ ನಿಂತನಂತೆ. ಎರಡನೇ ವಾರವೂ ಹಾಗೇ. ಕರೆತರುತ್ತಿದ್ದವರು ಮೂರನೇ ವಾರ ಬಾಗಿಲು ತೆರೆಯಲಿಲ್ಲ. ತರಗತಿಗೆ ಇದನ್ನು ಹೇಳಿದಾಗ ಯಾರೂ "ಯಾಕೆ" ಅನ್ನಲಿಲ್ಲ. ಬಾಗಿಲ ಬಳಿ ಕೂರುತ್ತಿದ್ದ ಹುಡುಗಿ, "ಅವನೇ ಹೇಳಿದ್ದಾನೆ" ಅಂದಳು.

ಅದಾದ ಕೆಲವು ತಿಂಗಳಿಗೆ ಮತ್ತೊಂದು ಮೊಲ ಬಂತು. ಈ ಸಲ ಎರಡು ಕಡೆ ಬಾಗಿಲಿದ್ದ ರಟ್ಟಿನ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ಒಳಗೆ ಒಣಹುಲ್ಲು ಹಾಸಿ, ಹನ್ನೆರಡು ಮಕ್ಕಳು ಎರಡು ಮಾರು ದೂರದಲ್ಲಿ ಸಾಲಾಗಿ ಕೂತರು. ಐದು ನಿಮಿಷ ಆಯಿತು, ಮೊಲ ಹೊರಗೆ ಬರಲಿಲ್ಲ. ಹತ್ತು ನಿಮಿಷ ಆಯಿತು. ಕೈ ಹಾಕಿ ಎತ್ತಿಕೊಡಿ ಎಂದು ಯಾರೂ ಕೇಳಲಿಲ್ಲ. ಆ ಹುಡುಗಿ ಹೊಟ್ಟೆಯ ಮೇಲೆ ಮಲಗಿ, ಗದ್ದವನ್ನು ನೆಲಕ್ಕೆ ತಾಗಿಸಿ, ಕತ್ತಲೆಯ ಒಳಗೆ ನೋಡುತ್ತಿದ್ದಳು. ಸುಮಾರು ಹೊತ್ತಿನ ಮೇಲೆ ತಲೆ ತಿರುಗಿಸದೆಯೇ ಪಕ್ಕದವನ ಕಿವಿಯಲ್ಲಿ ಏನೋ ಅಂದಳು. ಅವನು ತನ್ನ ಪಕ್ಕದವಳಿಗೆ, ಅವಳು ಇನ್ನೊಬ್ಬನಿಗೆ. ಪಿಸುಮಾತು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಸಾಲಿನ ಕೊನೆಗೆ ನಾನು ಕೂತಿದ್ದಲ್ಲಿಗೂ ಬಂತು.

"ಟೀಚರ್, ಮೂಗು ಆಡಿಸ್ತಾ ಇದೆಯಂತೆ."